ಗಾಳದ ದಾರವೂ ಹಕ್ಕಿಯ ಕಾಲೂ

ಮಹಾಪೆಯ ಕಾರ್ಖಾನೆಗಳ ಸಾಲನ್ನೂ ಠಾಣೆ-ಬೇಲಾಪುರ ರಸ್ತೆಯ ಗದ್ದಲವನ್ನೂ ಹಿಂದೆ ಬಿಟ್ಟು ಪಶ್ಚಿಮಕ್ಕೆ ನಡೆದರೆ ಠಾಣೆಯ ಖಾಡಿಯ ಕಾಂಡ್ಲಾ ಕಾಡು ಎದುರಾಗುತ್ತದೆ. ಅಲ್ಲಿಂದ ಒಳಕ್ಕೆ ಹರಿಯುವ ನಾಲೆಯೊಂದರ ದಂಡೆ ನಮಗೆ ಭಾನುವಾರದ ವಿಶ್ರಾಂತಿಯ ಸ್ಥಳ. ವಾರವಿಡೀ ಕಡತಗಳ ನಡುವೆ ಬಗ್ಗಿ ಕುಳಿತ ಬೆನ್ನಿಗೆ ಅಲ್ಲಿನ ಗಾಳಿ ಹಿತವೆನಿಸುತ್ತದೆ. ಮಕ್ಕಳ ಜೊತೆಗೆ ಒಂದು ಗಾಳವನ್ನೂ ಒಯ್ಯುವುದು ರೂಢಿ. ಮೀನು ಸಿಕ್ಕರೆ ಸಂತೋಷ, ಸಿಗದಿದ್ದರೆ ಬೇಸರವಿಲ್ಲ.

ಎರಡು ವರ್ಷಗಳ ಹಿಂದೆ, ಮಳೆಗಾಲ ಮುಗಿದ ಹೊಸತರಲ್ಲಿ, ಆ ದಂಡೆಯ ಮೇಲೆ ಒಂದು ಬೆಳ್ಳಕ್ಕಿ ಕುಂಟುತ್ತಿತ್ತು. ಅದರ ಕಾಲಿಗೆ ನೈಲಾನ್ ದಾರ ಸುತ್ತಿಕೊಂಡಿದ್ದು, ದಾರದ ಇನ್ನೊಂದು ತುದಿ ಪೊದೆಗೆ ಸಿಕ್ಕಿಬಿದ್ದಿತ್ತು. ನಾವು ಹತ್ತಿರ ಹೋಗಲು ಅಂಜಿ, ಪೊದೆಯ ಬಳಿಯೇ ದಾರವನ್ನು ಕತ್ತರಿಸಿದೆವು. ಹಕ್ಕಿ ಹಾರಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಒಂದು ಪುಣ್ಯಕಾರ್ಯ ಮಾಡಿದ ತೃಪ್ತಿಯಿಂದ ನಾವು ಮನೆಗೆ ಮರಳಿದೆವು.

ಹದಿನೈದು ದಿನಗಳ ಮೇಲೆ ಅದೇ ನಾಲೆಯ ಆಚೆ ದಡದ ಕಾಂಡ್ಲಾ ಕೊಂಬೆಯಲ್ಲಿ ಬಿಳಿಯದೇನೋ ತೂಗಾಡುತ್ತಿತ್ತು. ಕಾಲಿನಲ್ಲಿ ಒಂದು ಮಾರು ದಾರ ಹೊತ್ತು ಹಾರಿದ ಹಕ್ಕಿ ಮೊದಲು ಕುಳಿತ ಮರದಲ್ಲೇ ಸಿಕ್ಕಿಕೊಂಡು, ತಲೆಕೆಳಗಾಗಿ ಸತ್ತಿತ್ತು. ಅಲ್ಲಿ ಬಲೆ ಒಣಗಿಸುತ್ತಿದ್ದ ವೃದ್ಧ ಕೋಳಿ ಮೀನುಗಾರರೊಬ್ಬರು ನಮ್ಮ ಕಥೆ ಕೇಳಿ ಮರಾಠಿಯಲ್ಲಿ ಹೇಳಿದ್ದಿಷ್ಟು: “ಅರ್ಧ ಬಿಡಿಸುವುದಕ್ಕಿಂತ ಬಿಡಿಸದೆ ನಮ್ಮನ್ನು ಕರೆದಿದ್ದರೆ ಚೆನ್ನಾಗಿತ್ತು.” ಆ ದಾರ ಯಾರದೆಂದು ಅವರು ಕೇಳಲಿಲ್ಲ. ನಾವೇ ಕೇಳಿಕೊಂಡೆವು. ಗಂಟುಬಿದ್ದ ದಾರವನ್ನು ಕಿತ್ತು ಅದೇ ದಂಡೆಯ ಮೇಲೆ ಎಸೆದು ಬಂದ ದಿನಗಳು ನಮ್ಮ ನೆನಪಿನಲ್ಲಿದ್ದವು.

ಗಾಳ ಹಾಕುವವನಿಗೂ ನೀರಹಕ್ಕಿಗೂ ಈ ವೈರ ಯಾವಾಗ ಹುಟ್ಟಿತು, ಅದನ್ನು ತೀರಿಸಲು ಗಾಳದವರು ಏನು ಮಾಡಿದ್ದಾರೆ ಎಂದು ಅಂದಿನಿಂದ ಹುಡುಕಿ ಓದಿದ್ದನ್ನು ಸಂಘದ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಕಲ್ಯಾಣದ ಅರಸನ ಗಾಳ

ಮೀನು ಹಿಡಿಯುವ ವಿನೋದದ ಬಗ್ಗೆ ನಮ್ಮ ದೇಶದ ಹಳೆಯ ಬರಹಗಳಲ್ಲಿ ಮುಖ್ಯವಾದುದು ಕನ್ನಡ ನಾಡಿನ ದೊರೆಯೊಬ್ಬನದೆಂಬುದು ನಮಗೆ ಹೆಮ್ಮೆಯ ಸಂಗತಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ಗ್ರಂಥವನ್ನು ರಚಿಸಿದನು. ಇಲ್ಲಿ ಕಲ್ಯಾಣವೆಂದರೆ ನಾವು ದಿನವೂ ಲೋಕಲ್ ಗಾಡಿಯಲ್ಲಿ ಹಾದುಹೋಗುವ ಕಲ್ಯಾಣವಲ್ಲ; ಬೀದರ ಜಿಲ್ಲೆಯ ಬಸವಕಲ್ಯಾಣ. ಅಡುಗೆ, ಸಂಗೀತ, ಆನೆ, ಕುದುರೆ ಎಲ್ಲವನ್ನೂ ಹೇಳುವ ಈ ಗ್ರಂಥದಲ್ಲಿ ‘ಮತ್ಸ್ಯವಿನೋದ’ ಎಂಬ ಒಂದು ಭಾಗವೇ ಇದೆ. ಮೀನಿನ ಜಾತಿಗಳು, ಅವಕ್ಕೆ ಹಾಕಬೇಕಾದ ಆಹಾರ, ಗಾಳ, ದಾರ, ಕೋಲು ಇವುಗಳ ವಿವರ ಅದರಲ್ಲಿ ಬರುತ್ತದೆ. ಪ್ರಸಿದ್ಧ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಭಾಗವನ್ನು ವಿಜ್ಞಾನಿಗಳ ಗಮನಕ್ಕೆ ತಂದರು.

ನೀರಿನ ಜೀವಿಗಳಿಗೆ ರಾಜಾಜ್ಞೆಯ ರಕ್ಷಣೆ ಸಿಕ್ಕಿದ್ದು ಇದಕ್ಕೂ ಹಿಂದಿನ ಮಾತು. ಅಶೋಕನು ಪಟ್ಟಾಭಿಷೇಕವಾಗಿ 26 ವರ್ಷಗಳ ಮೇಲೆ ಬರೆಸಿದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಿದೆ. ಹಂಸ, ಚಕ್ರವಾಕಗಳು ಅದರಲ್ಲಿ ಸೇರಿವೆ. ಕೆಲವು ನಿಯಮಿತ ತಿಥಿಗಳಲ್ಲಿ ಮೀನನ್ನು ಕೊಲ್ಲಲೂಬಾರದು, ಮಾರಲೂಬಾರದು ಎಂಬ ವಿಧಿಯೂ ಇದೆ. ಅದೇ ಅಶೋಕನ ಶಿಲಾಶಾಸನದ ತುಣುಕೊಂದು 1882ರಲ್ಲಿ ನಮ್ಮ ನೆರೆಯ ಸೋಪಾರದಲ್ಲಿ ದೊರಕಿತು. ಮೀನಿನ ಮಾತು ಆ ತುಣುಕಿನಲ್ಲಿ ಇಲ್ಲದಿದ್ದರೂ, ಆ ದಯೆಯ ದನಿ ಒಂದು ಕಾಲಕ್ಕೆ ಈ ಕೊಂಕಣದ ತೀರಕ್ಕೂ ಮುಟ್ಟಿತ್ತೆಂದು ನೆನೆದರೆ ಮನಸ್ಸಿಗೆ ಸಮಾಧಾನವಾಗುತ್ತದೆ.

ಅಶೋಕನ ಕಾಲದಲ್ಲಾಗಲಿ ಸೋಮೇಶ್ವರನ ಕಾಲದಲ್ಲಾಗಲಿ ದಾರವೆಲ್ಲ ನಾರು, ನೂಲುಗಳದೇ. ಇಂಗ್ಲೆಂಡಿನಲ್ಲಿ ಗಾಳದ ಬಗ್ಗೆ ಐಸಾಕ್ ವಾಲ್ಟನ್ 1653ರಲ್ಲಿ ಹೆಸರಾಂತ ಪುಸ್ತಕ ಬರೆದಾಗಲೂ ದಾರ ಕುದುರೆಯ ಬಾಲದ ಕೂದಲಿನದಾಗಿತ್ತು. ನಮ್ಮ ಕರಾವಳಿಯ ಮೊಗವೀರರೂ ಇಲ್ಲಿಯ ಕೋಳಿಗಳೂ ಹತ್ತಿ, ಸೆಣಬುಗಳ ಬಲೆಯನ್ನು ಬಳಸುತ್ತಿದ್ದರು. ಅದು ಕೊಳೆಯದಿರಲೆಂದು ಮರದ ತೊಗಟೆಯ ಒಗರು ಕಷಾಯದಲ್ಲಿ ಅದ್ದಿ ಒಣಗಿಸುವುದು ದೊಡ್ಡ ಕೆಲಸವಾಗಿತ್ತು. ದಾರ ಬೇಗ ಕೊಳೆಯುವುದೇ ಮೀನುಗಾರನ ದುಃಖ. ಆದರೆ ಹಕ್ಕಿಯ ಪಾಲಿಗೆ ಅದೇ ವರ. ತುಂಡಾಗಿ ದಡದಲ್ಲಿ ಉಳಿದ ನೂಲು ಮಣ್ಣಾಗಿ ಹೋಗುತ್ತಿತ್ತು.

ಕೊಳೆಯದ ದಾರ

ಈ ಸ್ಥಿತಿ ಬದಲಾದದ್ದು ಅಮೆರಿಕದ ಡ್ಯುಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ. ಅಲ್ಲಿನ ರಸಾಯನಶಾಸ್ತ್ರಜ್ಞ ವಾಲೇಸ್ ಕರೋದರ್ಸ್ ಮತ್ತು ಅವರ ಸಂಗಡಿಗರು 1935ರಲ್ಲಿ ನೈಲಾನನ್ನು ಸೃಷ್ಟಿಸಿದರು. ಕರೋದರ್ಸ್ 1937ರಲ್ಲಿಯೇ ತೀರಿಕೊಂಡರು. 1938ರಲ್ಲಿ ಅದು ಲೋಕಕ್ಕೆ ಪ್ರಕಟವಾಗಿ, ಮೊದಲು ಹಲ್ಲುಜ್ಜುವ ಬ್ರಷ್ಷಿನ ಕೂದಲಾಗಿ, ಸ್ವಲ್ಪದರಲ್ಲೇ ಗಾಳದ ದಾರವಾಗಿ ಹೊರಬಂದಿತು. ಎರಡನೆಯ ಮಹಾಯುದ್ಧದ ನಂತರ ಜಗತ್ತಿನ ಮೀನುಗಾರಿಕೆಯಲ್ಲೆಲ್ಲ ಅದು ಹಬ್ಬಿತು. ನಮ್ಮಲ್ಲಿ 1957ರಲ್ಲಿ ಕೊಚ್ಚಿಯಲ್ಲಿ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಸ್ಥಾಪನೆಯಾಗಿ ಬಲೆ, ದೋಣಿಗಳ ಸುಧಾರಣೆಯ ಕೆಲಸ ಆರಂಭವಾಯಿತು. ಕ್ರಮೇಣ ಹತ್ತಿಯ ಬಲೆ ಹೋಗಿ ನೈಲಾನ್ ಬಲೆ ಬಂದಿತು.

ಇದರಿಂದ ಬಡ ಮೀನುಗಾರನಿಗೆ ಆದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಬಲೆ ಹಗುರವಾಯಿತು, ಬಾಳಿಕೆ ಹೆಚ್ಚಿತು, ಕಷಾಯದ ಕೆಲಸ ತಪ್ಪಿತು. ಆದರೆ ಹತ್ತಿಯ ನಾರು ಸೆಲ್ಯುಲೋಸ್ ಎಂಬ ಸಸ್ಯವಸ್ತು. ಅದನ್ನು ಜೀರ್ಣಿಸುವ ಸೂಕ್ಷ್ಮಾಣುಗಳು ಮಣ್ಣಿನಲ್ಲಿ ಹೇರಳವಾಗಿವೆ. ಮನುಷ್ಯ ಹೆಣೆದ ನೈಲಾನಿನ ಸರಪಳಿಯಂಥ ಅಣುಗಳನ್ನು ತಿಂದು ಕರಗಿಸುವ ಶಕ್ತಿ ಅವಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಎಸೆದ ದಾರ ವರುಷಗಟ್ಟಲೆ ಹಾಗೆಯೇ ಇರುತ್ತದೆ. ಮೇಲಾಗಿ ಅದು ನೀರಿನ ಬಣ್ಣದ್ದು. ಮೀನಿನ ಕಣ್ಣಿಗೆ ಕಾಣಬಾರದೆಂದು ಮಾಡಿದ ವಸ್ತು ಹಕ್ಕಿಯ ಕಣ್ಣಿಗೂ ಕಾಣದು. ಕಾಲಿಗೆ ಸುತ್ತಿದ ಮೇಲೆ ಹಕ್ಕಿ ಎಳೆದಷ್ಟೂ ಬಿಗಿಯಾಗಿ, ರಕ್ತದ ಸಂಚಾರ ನಿಂತು, ಕೆಲವೊಮ್ಮೆ ಪಾದವೇ ಉದುರಿಹೋಗುತ್ತದೆ. ನಮ್ಮ ಹಳ್ಳಿಯ ಹುಡುಗರು ‘ತಂಗೂಸಿ’ ಎಂದು ಕರೆಯುತ್ತಿದ್ದುದೂ ಇದೇ ದಾರವನ್ನು. ಸಂಕ್ರಾಂತಿಯ ಗಾಳಿಪಟಗಳಲ್ಲಿ ಹಕ್ಕಿಗಳ ಕೊರಳನ್ನೂ ಸವಾರರ ಕೊರಳನ್ನೂ ಕೊಯ್ಯುತ್ತಿದ್ದ ನೈಲಾನ್ ಮಾಂಜಾ ಕೂಡ ಅದರ ಒಡಹುಟ್ಟೇ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2017ರಲ್ಲಿ ಅಂಥ ಮಾಂಜಾವನ್ನು ದೇಶಾದ್ಯಂತ ನಿಷೇಧಿಸಿತು.

ಥೇಮ್ಸ್ ನದಿಯ ಹಂಸಗಳು

ಗಾಳದಿಂದ ಹಕ್ಕಿಗೆ ಆಗುವ ಕೇಡು ಮೊದಲು ದೊಡ್ಡ ಸಾರ್ವಜನಿಕ ಪ್ರಶ್ನೆಯಾದದ್ದು ಇಂಗ್ಲೆಂಡಿನಲ್ಲಿ. ಅಲ್ಲಿನ ಮೂಕಹಂಸ ರಾಜಮನೆತನದ ಆಸ್ತಿ ಎಂಬ ಭಾವನೆ ಮಧ್ಯಯುಗದಿಂದ ಬಂದದ್ದು. ಪ್ರತಿ ವರ್ಷ ಜುಲೈ ತಿಂಗಳಲ್ಲಿ ಅರಸನ ಹಂಸಾಧಿಕಾರಿಯೂ ವಿಂಟ್ನರ್ಸ್, ಡೈಯರ್ಸ್ ಎಂಬ ಎರಡು ಹಳೆಯ ವರ್ತಕ ಶ್ರೇಣಿಗಳ ಜನರೂ ದೋಣಿಯೇರಿ ಥೇಮ್ಸ್ ನದಿಯಲ್ಲಿ ಐದು ದಿನ ಹಂಸಗಳನ್ನು ಎಣಿಸುತ್ತಾರೆ. ಒಂದು ಕಾಲಕ್ಕೆ ಹಕ್ಕು ಗುರುತಿಸಲೆಂದೇ ನಡೆಯುತ್ತಿದ್ದ ಈ ಉತ್ಸವದಲ್ಲಿ ಈಗ ಮರಿಗಳನ್ನು ಎತ್ತಿ ತೂಗಿ, ಗಾಳದ ಕೊಕ್ಕೆಯಿಂದಲೋ ದಾರದಿಂದಲೋ ಗಾಯವಾಗಿದೆಯೇ ಎಂದು ಪರೀಕ್ಷಿಸುವುದೇ ಪ್ರಧಾನ ಕೆಲಸ.

ಅಲ್ಲಿ ದಾರಕ್ಕಿಂತ ಘೋರವಾದ ಇನ್ನೊಂದು ಶತ್ರು ಇತ್ತು. ಅದು ಗಾಳ ಮುಳುಗಲೆಂದು ಕಟ್ಟುವ ಸೀಸದ ಪುಟ್ಟ ಗುಂಡು. ಹಂಸಕ್ಕೆ ಹಲ್ಲಿಲ್ಲ. ತಿಂದ ಸೊಪ್ಪನ್ನು ಅರೆಯಲು ಅದು ಸಣ್ಣ ಕಲ್ಲುಗಳನ್ನು ನುಂಗಿ ಜಠರದಲ್ಲಿ ಇಟ್ಟುಕೊಳ್ಳುತ್ತದೆ. ನದಿಯ ತಳದಲ್ಲಿ ಕಲ್ಲು ಯಾವುದು, ಸೀಸ ಯಾವುದು ಎಂದು ಅದಕ್ಕೆ ತಿಳಿಯದು. ನುಂಗಿದ ಗುಂಡು ಜಠರದ ಆಮ್ಲದಲ್ಲಿ ಕರಗಿ ರಕ್ತಕ್ಕೆ ಸೇರಿ, ನರಗಳು ಸೋತು, ಎತ್ತಿ ಹಿಡಿದ ಕೊರಳು ಬುಡದಲ್ಲೇ ಬಾಗಿ ಬೀಳುತ್ತದೆ. ಆಹಾರ ಕೆಳಗಿಳಿಯದೆ ಹಕ್ಕಿ ಉಪವಾಸದಿಂದ ಸಾಯುತ್ತದೆ.

ಅಲ್ಲಿನ ನಿಸರ್ಗ ಸಂರಕ್ಷಣಾ ಮಂಡಳಿ 1981ರಲ್ಲಿ ವರದಿ ಕೊಟ್ಟು, ವರ್ಷಕ್ಕೆ ಸಾವಿರಾರು ಹಂಸಗಳು ಹೀಗೆ ಸಾಯುತ್ತಿವೆಯೆಂದೂ, ಐದು ವರ್ಷಗಳೊಳಗೆ ಸೀಸವನ್ನು ಸ್ವಇಚ್ಛೆಯಿಂದ ಬಿಡಬೇಕೆಂದೂ ಹೇಳಿತು. 1983ರಲ್ಲಿ ಮಾಲಿನ್ಯ ಕುರಿತ ರಾಜಮನೆತನದ ಆಯೋಗವೂ ಸೀಸದ ವಿರುದ್ಧ ನಿಂತಿತು. ಗಾಳದವರ ಸಂಘಗಳಲ್ಲಿ ಕೆಲವರು ಒಪ್ಪಿದರು. ಹಲವರು ಹಳೆಯ ಗುಂಡನ್ನೇ ಹಿಡಿದು ಕುಳಿತರು. 1985ರ ಹೊತ್ತಿಗೆ ಲಂಡನ್ನಿಗೂ ಹೆನ್ಲಿಗೂ ನಡುವಿನ ಥೇಮ್ಸಿನಲ್ಲಿ ಉಳಿದದ್ದು ಕೇವಲ 7 ಜೋಡಿ ಹಂಸಗಳು. ಕೊನೆಗೆ ಕಾನೂನು ಬಂದು, 1987ರ ಜನವರಿ 1ರಿಂದ 28.35 ಗ್ರಾಮಿನವರೆಗಿನ ಸೀಸದ ಗುಂಡುಗಳ ಮಾರಾಟ ನಿಂತಿತು. ತೀರ ಸಣ್ಣ, 0.06 ಗ್ರಾಮಿಗಿಂತ ಕಡಿಮೆಯ ಗುಂಡುಗಳಿಗೆ ಮಾತ್ರ ವಿನಾಯಿತಿ. ಟಂಗ್‌ಸ್ಟನ್ ಮೊದಲಾದ ಬೇರೆ ಲೋಹಗಳ ಗುಂಡು ಬಂದಿತು. ಮುಂದಿನ ವರ್ಷಗಳಲ್ಲಿ ಹಂಸಗಳ ಸಂಖ್ಯೆ ಮತ್ತೆ ಏರಿತು.

ಬರಿಯ ಉಪದೇಶದಿಂದ ಅಲ್ಲಿ ಕೆಲಸವಾಗಲಿಲ್ಲ, ಕಾನೂನು ಬೇಕಾಯಿತು ಎಂಬುದು ಇದರ ಒಂದು ಪಾಠ. ಆದರೆ ಅಂಗಡಿಯ ಗುಂಡನ್ನು ಕಾನೂನು ತಡೆಯಬಲ್ಲದು. ದಂಡೆಯಲ್ಲಿ ಬಿದ್ದ ದಾರವನ್ನು ಎತ್ತಲಾರದು. ಈಚಿನ ವರ್ಷಗಳಲ್ಲಿ ಆ ದೇಶದ ಗಾಳದವರೇ ಹಳೆಯ ದಾರವನ್ನು ಸಂಗ್ರಹಿಸಿ ಪುನರ್ಬಳಕೆಗೆ ಕಳಿಸುವ ಏರ್ಪಾಡು ಮಾಡಿಕೊಂಡಿದ್ದಾರೆ. ಅಮೆರಿಕದ ಫ್ಲಾರಿಡಾದಲ್ಲಿಯೂ ಮೀನು ಹಿಡಿಯುವ ಕಟ್ಟೆಗಳ ಮೇಲೆ ಹಳೆಯ ದಾರ ಹಾಕಲು ಕೊಳವೆಯಂಥ ಡಬ್ಬಿಗಳನ್ನು ನಿಲ್ಲಿಸಿದ್ದಾರೆ.

ಅದೇ ಫ್ಲಾರಿಡಾದಲ್ಲಿ ಗಾಳಕ್ಕೆ ಸಿಕ್ಕ ಹೆಜ್ಜಾರ್ಲೆಯನ್ನು ಬಿಡಿಸುವ ವಿಧಾನವನ್ನು ಗಾಳದವರಿಗೆ ಕಲಿಸುತ್ತಾರೆ. ಅದರ ಮೊದಲ ಪಾಠ ದಾರ ಕತ್ತರಿಸಬಾರದು ಎಂಬುದು. ನಿಧಾನವಾಗಿ ದಾರ ಸುತ್ತುತ್ತ ಹಕ್ಕಿಯನ್ನು ಹತ್ತಿರಕ್ಕೆ ತಂದು, ಬಟ್ಟೆಯಿಂದ ತಲೆ ಮುಚ್ಚಿ, ರೆಕ್ಕೆ ಮಡಚಿ ಹಿಡಿದು, ಕೊಕ್ಕೆ ತೆಗೆದು, ದಾರದ ಒಂದು ಎಳೆಯೂ ಉಳಿಯದಂತೆ ನೋಡಿ ಬಿಡಬೇಕು. ಇದನ್ನು ಓದಿದ ದಿನ ನಮ್ಮ ಬೆಳ್ಳಕ್ಕಿ ಕಣ್ಣೆದುರು ಬಂದಿತು. ಆ ಕೋಳಿ ವೃದ್ಧರು ಹೇಳಿದ್ದೂ ಇದನ್ನೇ.

ಕಾವೇರಿಯ ದಡದಲ್ಲಿ

ಇನ್ನು ನಮ್ಮ ನಾಡಿನತ್ತ ತಿರುಗೋಣ. ಕಾವೇರಿಯ ಮಹಶೀರ್, ನಮ್ಮ ಜನರ ಬಾಯಲ್ಲಿ ಬಿಳಿಮೀನು, ಗಾಳದ ಆಟಗಾರರ ಲೋಕದಲ್ಲಿ ದೊಡ್ಡ ಹೆಸರು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರನ್ನು ಹಿಡಿದ ದಾಖಲೆ ಪ್ರಸಿದ್ಧವಾಗಿದೆ. ಸ್ವಾತಂತ್ರ್ಯಾನಂತರ ನದಿಗೆ ಡೈನಮೈಟ್ ಎಸೆದು ಮೀನು ಕೊಲ್ಲುವ ಪಿಡುಗು ಹಬ್ಬಿತು. ಸ್ಫೋಟಕ್ಕೆ ದೊಡ್ಡದು, ಚಿಕ್ಕದು ಎಂಬ ಭೇದವಿಲ್ಲ. ಮರಿಯೂ ಮೊಟ್ಟೆಯೂ ನಾಶವಾಗಿ, ಆ ಮೀನನ್ನೇ ನಂಬಿದ ನೀರುನಾಯಿ, ಮೀನುಹದ್ದುಗಳಿಗೂ ಆಹಾರ ಇಲ್ಲದಂತಾಗುತ್ತದೆ.

ಹೀಗಿರಲು 1972ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತ ವನ್ಯಜೀವಿ ಸಂಘ ಹುಟ್ಟಿತು. ಗಾಳದ ಹವ್ಯಾಸಿಗಳೇ ಕೂಡಿ ನಡೆಸಿದ ಈ ಸಂಘ ಕಾವೇರಿಯ ಒಂದು ಭಾಗವನ್ನು ಸರ್ಕಾರದಿಂದ ಗುತ್ತಿಗೆಗೆ ಪಡೆದು ಕಾವಲು ಹಾಕಿತು. ಕೊಡಗಿನಲ್ಲಿಯೂ 1979ರಲ್ಲಿ ವನ್ಯಜೀವಿ ಸಂಘವೊಂದು ಆರಂಭವಾಗಿ ವಾಲ್ನೂರಿನ ಬಳಿ ಇದೇ ದಾರಿ ಹಿಡಿಯಿತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರನ್ನೇ ಕಾವಲುಗಾರರಾಗಿ ನೇಮಿಸಿದ್ದು ಇಂಥ ಪ್ರಯತ್ನಗಳ ಜಾಣತನ. ನದಿಯ ಗುಟ್ಟು ಅವರಿಗೆ ತಿಳಿದಷ್ಟು ಇನ್ನಾರಿಗೆ ತಿಳಿದೀತು? ಹಿಡಿದ ಮೀನನ್ನು ತೂಗಿ ಮರಳಿ ನೀರಿಗೆ ಬಿಡುವ ಪದ್ಧತಿಯೂ ಅಲ್ಲಿ ಬೆಳೆಯಿತು. ಮುಂದೆ ಅಭಯಾರಣ್ಯಗಳೊಳಗೆ ಗಾಳದ ಕ್ರೀಡೆ ನಿಂತುಹೋಯಿತು. ಅದು ಸರಿಯೋ ತಪ್ಪೋ ಎಂಬ ವಾದ ಬೇರೆ. ಗಾಳ ಹಿಡಿದ ಕೈ ಕಾವಲಿಗೂ ನಿಲ್ಲಬಲ್ಲದೆಂಬುದನ್ನು ಕಾವೇರಿ ತೋರಿಸಿಕೊಟ್ಟಿತೆಂಬುದರಲ್ಲಿ ವಾದವಿಲ್ಲ.

ಹಕ್ಕಿಯನ್ನು ಕೈಯಾರೆ ಎತ್ತಿ ಸಲಹಿದ ಕಥೆ ಬೇಕಾದರೆ ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಬೇಕು. ಶಿಂಷಾ ನದಿಗೆ ಸಮೀಪದ ಈ ಹಳ್ಳಿಯ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ನಡುವೆಯೇ ಗೂಡು ಕಟ್ಟುತ್ತವೆ. ಪ್ಲೇಗಿನ ಕಾಲದಲ್ಲಿ ಊರು ಹಳೆಯ ಜಾಗ ಬಿಟ್ಟು ಬಂದಾಗ ಹಕ್ಕಿಗಳೂ ಜೊತೆಗೇ ಬಂದವೆಂದು ಅಲ್ಲಿನ ಹಿರಿಯರು ಹೇಳುವರು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಅವನ್ನು ಕಾಣುವ ಊರು ಅದು. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ಹಳ್ಳಿಯನ್ನು ಹೊರಜಗತ್ತಿಗೆ ಪರಿಚಯಿಸಿದರು. ಗೂಡಿರುವ ಮರಗಳ ಒಡೆಯರಿಗೆ ಹುಣಸೆಯ ಫಸಲಿನ ನಷ್ಟಕ್ಕೆ ಸರ್ಕಾರ ಪರಿಹಾರ ಕೊಡುವ ವ್ಯವಸ್ಥೆ ಬಂದಿತು. 1994ರಲ್ಲಿ ಊರಿನ ತರುಣರು ಮೈಸೂರಿನ ನಿಸರ್ಗಪ್ರೇಮಿಗಳ ನೆರವಿನಿಂದ ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಡುವುದು ಬಳಗದ ಕೆಲಸ. 2007ರಲ್ಲಿ ಅದು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು.

ನಮ್ಮ ಬಾಲ್ಯ ಆ ಸೀಮೆಯಲ್ಲೇ ಕಳೆಯಿತು. ಕೆರೆಯ ಏರಿಯ ಮೇಲೆ ಕುಳಿತು ಗಾಳ ಹಾಕುತ್ತಿದ್ದಾಗ ಹೆಜ್ಜಾರ್ಲೆಗಳು ತಲೆಯ ಮೇಲೆ ಹಾದುಹೋಗುತ್ತಿದ್ದವು. ಹಕ್ಕಿ ಕೂತ ಮರಕ್ಕೆ ಕಲ್ಲು ಎಸೆದರೆ ಊರಿನ ಹೆಂಗಸರು ಬೈಯುತ್ತಿದ್ದರು. ದಾರ ಎಸೆದರೆ ಯಾರೂ ಬೈಯಲಿಲ್ಲ. ಅದರ ಕೇಡು ಅಂದು ಯಾರಿಗೂ ತಿಳಿದಿರಲಿಲ್ಲ. ತಿಳಿದ ಮೇಲೂ ಎಸೆದರೆ ತಪ್ಪು ಇನ್ನೊಬ್ಬರದಾಗದು.

ನಮ್ಮ ಖಾಡಿ

ಠಾಣೆಯ ಖಾಡಿಗೆ ನಾವೆಲ್ಲ ವಲಸೆ ಬಂದವರು. ರಾಜಹಂಸಗಳೂ ಹಾಗೆಯೇ. ಮಳೆ ಮುಗಿದ ಮೇಲೆ ಬಂದು ಬೇಸಗೆಯ ಕೊನೆಯವರೆಗೆ ಇದ್ದು ಹೋಗುವ ಈ ಗುಲಾಬಿ ಹಕ್ಕಿಗಳಿಗಾಗಿ 2015ರಲ್ಲಿ ಖಾಡಿಯ ಸುಮಾರು 1,690 ಹೆಕ್ಟೇರು ಪ್ರದೇಶ ಅಭಯಾರಣ್ಯವಾಯಿತು; 2022ರಲ್ಲಿ ಅದಕ್ಕೆ ರಾಮ್ಸಾರ್ ಪಟ್ಟಿಯ ಗೌರವವೂ ಸಿಕ್ಕಿತು. ಇಲ್ಲಿನ ಕೋಳಿ, ಆಗ್ರಿ ಜನ ತಲೆತಲಾಂತರದಿಂದ ಈ ನೀರನ್ನು ನಂಬಿದವರು. ಬಲೆಗೆ ಸಿಕ್ಕ ಆಮೆ, ಡಾಲ್ಫಿನ್, ತಿಮಿಂಗಿಲ ಶಾರ್ಕ್‌ಗಳಂಥ ಸಂರಕ್ಷಿತ ಸಮುದ್ರಜೀವಿಗಳನ್ನು ಬಲೆ ಕತ್ತರಿಸಿ ಬಿಡುವ ಮೀನುಗಾರರಿಗೆ 25,000 ರೂಪಾಯಿಗಳವರೆಗೆ ಪರಿಹಾರ ಕೊಡುವ ಯೋಜನೆಯನ್ನು ಮಹಾರಾಷ್ಟ್ರ ಸರ್ಕಾರ 2018ರ ಡಿಸೆಂಬರಿನಲ್ಲಿ ಆರಂಭಿಸಿತು. ಬಲೆಯೇ ಜೀವನವಾಗಿರುವವನು ಒಂದು ಜೀವಕ್ಕಾಗಿ ಬಲೆಗೆ ಚೂರಿ ಹಾಕುವುದೆಂದರೆ ಎಷ್ಟು ದೊಡ್ಡ ಮಾತು ಎಂಬುದನ್ನು ತಿಂಗಳ ಸಂಬಳದ ನಾವು ಯೋಚಿಸಬೇಕು. ನಮ್ಮಿಂದ ಬೇಕಾಗಿರುವುದು ಅಷ್ಟು ದೊಡ್ಡ ತ್ಯಾಗವೂ ಅಲ್ಲ, ಒಂದು ಹಿಡಿ ದಾರವನ್ನು ಜೇಬಿಗೆ ಹಾಕಿಕೊಂಡು ಮನೆಗೆ ತರುವುದಷ್ಟೆ.

ಭಾನುವಾರ ನೀರಿನ ಬಳಿ ಹೋಗುವ ನಮ್ಮ ಬಂಧುಗಳಲ್ಲಿ ಕೆಲವು ಮಾತು. ಹಳೆಯ ದಾರವನ್ನು ಎಸೆಯಬೇಡಿ. ಮನೆಗೆ ತಂದು ಬೆರಳುದ್ದದ ಚೂರುಗಳಾಗಿ ಕತ್ತರಿಸಿ ಕಸಕ್ಕೆ ಹಾಕಿ. ಹಕ್ಕಿ ಮೀನಿಗೆ ಎರಗುತ್ತಿದ್ದರೆ ಗಾಳವನ್ನು ಸ್ವಲ್ಪ ಹೊತ್ತು ಮೇಲಕ್ಕೆತ್ತಿ. ಮುಳ್ಳಿಲ್ಲದ ಕೊಕ್ಕೆ ಬಳಸಿ, ಅದು ಮೀನಿನ ಬಾಯಿಂದಲೂ ಹಕ್ಕಿಯ ಚರ್ಮದಿಂದಲೂ ಸುಲಭವಾಗಿ ಬರುತ್ತದೆ. ಸಿಕ್ಕಿಬಿದ್ದ ಹಕ್ಕಿಯನ್ನು ಕಂಡರೆ ದೂರದಿಂದ ದಾರ ಕತ್ತರಿಸಿ ಹಾರಿಸಬೇಡಿ. ದಪ್ಪ ಬಟ್ಟೆಯನ್ನು ಮೇಲೆ ಹಾಕಿ ತಲೆ ಮುಚ್ಚಿದರೆ ಹಕ್ಕಿ ಶಾಂತವಾಗುತ್ತದೆ. ಬೆಳ್ಳಕ್ಕಿ, ಬಕಗಳು ಕಣ್ಣಿಗೇ ಕುಕ್ಕುವುದರಿಂದ ಅವುಗಳ ಕೊಕ್ಕಿನ ಕಡೆ ಎಚ್ಚರವಿರಲಿ. ಹೆಜ್ಜಾರ್ಲೆಯಾದರೆ ಅದರ ಕೊಕ್ಕನ್ನು ಪೂರ್ತಿ ಬಿಗಿಯಬೇಡಿ. ಅದು ಬಾಯಿಯಿಂದಲೇ ಉಸಿರಾಡುವ ಹಕ್ಕಿ. ಕೊಕ್ಕೆ ಆಳಕ್ಕೆ ಇಳಿದಿದ್ದರೆ, ದಾರ ಮಾಂಸದಲ್ಲಿ ಹುದುಗಿದ್ದರೆ ಕೈಹಾಕದೆ ಅರಣ್ಯ ಇಲಾಖೆಯ 1926 ಸಂಖ್ಯೆಗೆ ತಿಳಿಸಿ. ಕನಿಕರದಿಂದ ಮನೆಗೆ ತಂದು ಸಾಕುವುದು 1972ರ ವನ್ಯಜೀವಿ ಕಾಯಿದೆಗೆ ವಿರುದ್ಧ ಎಂಬುದೂ ನೆನಪಿರಲಿ.

ಕಳೆದ ಚಳಿಗಾಲದಲ್ಲಿ ಆ ವೃದ್ಧರ ಜೊತೆ ಮತ್ತೊಂದು ಬೆಳ್ಳಕ್ಕಿಯನ್ನು ಬಿಡಿಸುವ ಸಂದರ್ಭ ಬಂದಿತು. ಅವರು ಹಿಡಿದರು, ನಾವು ನಮ್ಮ ಅಂಗವಸ್ತ್ರದಿಂದ ಅದರ ತಲೆ ಮುಚ್ಚಿ, ಚಿಕ್ಕ ಕತ್ತರಿಯಿಂದ ಒಂದೊಂದೇ ಸುತ್ತು ತೆಗೆದೆವು. ಹದಿನೊಂದು ಸುತ್ತುಗಳಿದ್ದವು. ಅರ್ಧ ಗಂಟೆ ಹಿಡಿಯಿತು. ಕೊನೆಯ ಎಳೆ ಬಂದ ಮೇಲೆ ಅವರು ಹಕ್ಕಿಯ ಕಾಲನ್ನು ಬೆರಳಿನಿಂದ ಸವರಿ ಇನ್ನೂ ಒಮ್ಮೆ ನೋಡಿ, ಆಮೇಲೆ ಬಿಟ್ಟರು. ಈ ಸಲ ಮಕ್ಕಳು ಚಪ್ಪಾಳೆ ತಟ್ಟಲಿಲ್ಲ. ಅದು ಹೋಗಿ ಕುಳಿತ ಮರವನ್ನೇ ನೋಡುತ್ತ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಅದು ಆ ಮರದಿಂದಲೂ ಹಾರಿತು. ನಾವು ದಡದ ದಾರವನ್ನೆಲ್ಲ ಆಯ್ದು ಚೀಲಕ್ಕೆ ತುಂಬಿಕೊಂಡು ಮಹಾಪೆಯ ದಾರಿ ಹಿಡಿದೆವು.